ಪೀಣ್ಯದಿಂದ ಸ್ಟುಟ್‌ಗಾರ್ಟ್‌ಗೆ ಎರಡು ವರ್ಷಕ್ಕೆ ಜನರನ್ನು ಕಳಿಸಬೇಕು, ಪಾಲಿಸಿಯಲ್ಲಿ ಏನೇನು ಬರೆಯಬೇಕು?

ಪೀಣ್ಯ_ಎಚ್‌ಆರ್
ನಮಸ್ಕಾರ ಎಲ್ಲರಿಗೂ. ನಮ್ಮದು ಪೀಣ್ಯದಲ್ಲಿರುವ ಕಂಪನಿ, ಮೆಷಿನ್ ಟೂಲ್‌ಗೆ ಬೇಕಾದ ಬಿಡಿಭಾಗ ಮಾಡುತ್ತೇವೆ. ಈಗ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಕಂಪನಿ ನಮ್ಮನ್ನು ಕೊಂಡುಕೊಂಡಿದೆ. ಅಲ್ಲಿಯ ಒಂದು ಪ್ರೊಡಕ್ಷನ್ ಲೈನ್ ಪೂರ್ತಿ ಇಲ್ಲಿಗೆ ಬರಬೇಕು. ಅದನ್ನು ಕಲಿತು ಬರಲು ನಮ್ಮ ಆರು ಜನ ಎಂಜಿನಿಯರ್‌ಗಳು ಅಲ್ಲಿಗೆ ಹೋಗುತ್ತಾರೆ, ಅಲ್ಲಿಂದ ಇಬ್ಬರು ಇಲ್ಲಿಗೆ ಬರುತ್ತಾರೆ, ಒಬ್ಬರು ಕ್ವಾಲಿಟಿಗೆ, ಒಬ್ಬರು ಫೈನಾನ್ಸ್‌ಗೆ.

ಎಂಡಿ ಸಾಹೇಬರು "ಒಂದು ಪಾಲಿಸಿ ಬರೆದುಬಿಡಿ, ನೆಟ್‌ನಲ್ಲಿ ಸಿಗುತ್ತಲ್ಲ" ಅಂದರು. ಸಿಕ್ಕಿತು. ಯಾವುದೋ ಅಮೆರಿಕದ ದೊಡ್ಡ ಕಂಪನಿಯದು. ಬಿಸಿನೆಸ್ ಕ್ಲಾಸ್ ಟಿಕೆಟ್, ಕ್ಲಬ್ ಮೆಂಬರ್‌ಶಿಪ್, ಸಾಕುನಾಯಿ ಸಾಗಿಸುವ ಖರ್ಚು ಎಲ್ಲ ಇದೆ. ನಮ್ಮ ಹುಡುಗರು ತುಮಕೂರು, ಹಾಸನ, ಗದಗದವರು. ಮೂವರಿಗೆ ಮದುವೆಯಾಗಿದೆ, ಇಬ್ಬರಿಗೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಬಜೆಟ್ ಜಾಸ್ತಿ ಇಲ್ಲ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳಿ.

ಪೇರೋಲ್_ಭಟ್ರು
ಅಲೊವೆನ್ಸ್ ಎಷ್ಟು ಅಂತ ಶುರು ಮಾಡಬೇಡಿ. ಹೋದವರು ಯಾರ ಪೇರೋಲ್‌ನಲ್ಲಿ ಇರುತ್ತಾರೆ ಅನ್ನುವುದು ಮೊದಲು ಇತ್ಯರ್ಥ ಆಗಲಿ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಜರ್ಮನಿಯ ಕಂಪನಿ ಜೊತೆ ನೇರ ಕಾಂಟ್ರಾಕ್ಟ್ ಮಾಡಿಸಿದರೆ ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿಯ ದಾರಿ. ಆಗ ಅವರು ನಿಮ್ಮ ನೌಕರರಲ್ಲ, ಅಲ್ಲಿಯವರು. ನಿಮ್ಮ ಪೇರೋಲ್‌ನಲ್ಲೇ ಇಟ್ಟು ಕಳಿಸಿದರೆ ಐಸಿಟಿ ಕಾರ್ಡ್. ಒಂದೇ ಗುಂಪಿನ ಕಂಪನಿಗಳ ನಡುವೆ ವರ್ಗಾವಣೆಗೆ ಇರುವುದು ಅದೇ. ಮ್ಯಾನೇಜರ್ ಮತ್ತು ಸ್ಪೆಷಲಿಸ್ಟ್‌ಗಳಿಗೆ ಹೆಚ್ಚೆಂದರೆ ಮೂರು ವರ್ಷ, ಟ್ರೈನಿಗಳಿಗೆ ಒಂದೇ ವರ್ಷ. ಹೋಗುವ ಮೊದಲು ಕನಿಷ್ಠ ಆರು ತಿಂಗಳು ನಿಮ್ಮ ಕಂಪನಿಯಲ್ಲಿ ಕೆಲಸ ಮಾಡಿರಬೇಕು. ಅರ್ಜಿ ಇಲ್ಲಿಂದಲೇ ಹಾಕಬೇಕು, ಅಲ್ಲಿಗೆ ಹೋಗಿ ಹಾಕುತ್ತೇನೆ ಅಂದರೆ ಆಗುವುದಿಲ್ಲ. ನಿಮ್ಮ ವಿಷಯದಲ್ಲಿ ವಾಪಸ್ ಬರಲೇಬೇಕಲ್ಲ, ಹಾಗಾಗಿ ಐಸಿಟಿ.

ಆದರೆ ಒಂದು ಮಾತು. ಪೀಣ್ಯದ ಸಂಬಳಕ್ಕೆ ಸ್ವಲ್ಪ ದಿನಭತ್ಯೆ ಸೇರಿಸಿ ಕಳಿಸಿಬಿಡೋಣ ಅಂತ ಯಾರಾದರೂ ಅಂದರೆ ಅಲ್ಲೇ ನಿಲ್ಲಿಸಿ. ಅದೇ ಕೆಲಸಕ್ಕೆ ಅಲ್ಲಿಯವರಿಗೆ ಎಷ್ಟು ಕೊಡುತ್ತಾರೋ ಅದಕ್ಕೆ ಸರಿಸಮ ಇದೆಯಾ ಅಂತ ಅಲ್ಲಿಯ ಉದ್ಯೋಗ ಇಲಾಖೆ ನೋಡುತ್ತದೆ. ಊಟ, ವಸತಿ, ಓಡಾಟಕ್ಕೆ ಅಂತ ಕೊಟ್ಟದ್ದನ್ನು ಸಂಬಳದ ಲೆಕ್ಕದಲ್ಲಿ ತೋರಿಸಲು ಹೋದರೆ ಫೈಲ್ ವಾಪಸ್ ಬರುತ್ತದೆ.

ಪಿಎಫ್ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತೆ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಇವನು ಇಲ್ಲಿಯ ಪಿಎಫ್‌ನಲ್ಲೇ ಇದ್ದಾನೆ ಅಂತ ಪಿಎಫ್ ಸಂಸ್ಥೆ ಇಪಿಎಫ್‌ಒದಿಂದ ಕವರೇಜ್ ಸರ್ಟಿಫಿಕೇಟ್ ತೆಗೆದುಕೊಂಡರೆ 48 ತಿಂಗಳವರೆಗೆ ಅಲ್ಲಿ ಪಿಂಚಣಿ ಮತ್ತು ನಿರುದ್ಯೋಗ ವಿಮೆಗೆ ಕಟ್ಟಬೇಕಿಲ್ಲ, ಇಲ್ಲಿಯ ಪಿಎಫ್ ಮುಂದುವರಿದರೆ ಸಾಕು. ಅಲ್ಲಿ ಪಿಂಚಣಿಗೆ ಮಾತ್ರ ಸಂಬಳದ 18.6% ಹೋಗುತ್ತದೆ, ಅರ್ಧ ನೌಕರ, ಅರ್ಧ ಕಂಪನಿ. ಅದು ಉಳಿತಾಯ. ಆರೋಗ್ಯ ವಿಮೆ ಈ ಒಪ್ಪಂದದಲ್ಲಿ ಇಲ್ಲ. ಅದಕ್ಕೆ ಬೇರೆಯೇ ವ್ಯವಸ್ಥೆ ಮಾಡಿ, ಇಲ್ಲದಿದ್ದರೆ ವೀಸಾನೇ ಸಿಗುವುದಿಲ್ಲ.

ಸುಮ್ನೆ_ಓದ್ತಿದ್ದೆ
ಭಟ್ರೇ, ಈ ಒಪ್ಪಂದ ಅಮೆರಿಕಕ್ಕೂ ಇದೆಯಾ? ನಾನು ಅಲ್ಲಿದ್ದಾಗ ಪ್ರತಿ ತಿಂಗಳು ಕಟ್ ಆಗುತ್ತಿತ್ತಲ್ಲ.

ಪೇರೋಲ್_ಭಟ್ರು
ಇಲ್ಲ. ಅದೇ ದೊಡ್ಡ ಗೋಳು. ಸೋಶಿಯಲ್ ಸೆಕ್ಯೂರಿಟಿಗೆ 6.2%, ಮೆಡಿಕೇರ್‌ಗೆ 1.45%. ಪಿಂಚಣಿ ಸಿಗಬೇಕಾದರೆ 40 ಕ್ರೆಡಿಟ್ ಬೇಕು, ಅಂದರೆ ಹತ್ತು ವರ್ಷದ ದುಡಿಮೆ. ಅಲ್ಲಿಯ ಕೆಲಸದ ವೀಸಾ ಎಚ್-1ಬಿ ಸಾಮಾನ್ಯವಾಗಿ ಆರು ವರ್ಷಕ್ಕೆ ಮುಗಿಯುತ್ತದೆ. ಲೆಕ್ಕ ನೀವೇ ಹಾಕಿ. ಬೆಂಗಳೂರಿನಿಂದ ಹೋಗಿ ಬಂದ ಎಷ್ಟು ಜನರ ದುಡ್ಡು ಅಲ್ಲಿ ಹಾಗೇ ಕೂತಿದೆಯೋ. ಬೆಲ್ಜಿಯಂ ಜೊತೆ 2009ರಲ್ಲೇ ಆಯಿತು, ಜಪಾನ್ ಜೊತೆ 2016ರಲ್ಲಿ ಆಯಿತು, ಇವರ ಜೊತೆ ಮಾತುಕತೆ ಮಾತ್ರ.

ನೆಕ್ಕರ್_ದಂಡೆ
ನಾನು ಸ್ಟುಟ್‌ಗಾರ್ಟ್‌ನಲ್ಲೇ ಇದ್ದೇನೆ. ಗಂಡನ ಕೆಲಸಕ್ಕೆ ಅಂತ ಬಂದವಳು, ಈಗ ನಾನೂ ಕೆಲಸ ಮಾಡುತ್ತೇನೆ. ಭಟ್ರು ಹೇಳಿದ್ದು ಆಫೀಸಿನ ಕಥೆ, ನಾನು ಮನೆ ಕಥೆ ಹೇಳುತ್ತೇನೆ.

ಎಚ್‌ಆರ್ ಸರ್, ಇಲ್ಲಿ ಬಾಡಿಗೆ ಮನೆ ಅಂದರೆ ಅಡುಗೆಮನೆ ಖಾಲಿ ಇರಬಹುದು. ಸುಮ್ನೆ ಹೇಳುತ್ತಿಲ್ಲ. ಬಾಗಿಲು ತೆಗೆದು ನೋಡಿದರೆ ಗೋಡೆಯಿಂದ ಎರಡು ನೀರಿನ ಪೈಪು, ಒಲೆಗೆ ಅಂತ ಒಂದು ದಪ್ಪ ವೈರು, ಅಷ್ಟೇ. ಸಿಂಕು ಇಲ್ಲ, ಕಪಾಟಿಲ್ಲ, ಒಲೆ ಇಲ್ಲ. ಹಿಂದಿನವರು ಕಿತ್ತುಕೊಂಡು ಹೋಗಿರುತ್ತಾರೆ. ಎರಡು ವರ್ಷಕ್ಕೆ ಬರುವ ಕುಟುಂಬ ಸಾವಿರಾರು ಯೂರೋ ಕೊಟ್ಟು ಅಡುಗೆಮನೆ ಕಟ್ಟಿಸಬೇಕಾ? ಅದಕ್ಕೇ ಫರ್ನಿಷ್ಡ್ ಮನೆಯನ್ನು ಕಂಪನಿ ಹೆಸರಲ್ಲೇ ಬಾಡಿಗೆಗೆ ಹಿಡಿಯಿರಿ. ಡಿಪಾಸಿಟ್ ಮೂರು ತಿಂಗಳ ಬಾಡಿಗೆಯವರೆಗೆ ಕೇಳಬಹುದು. ಅದನ್ನು ಆ ಹುಡುಗರ ಕೈಯಿಂದ ಕಟ್ಟಿಸಬೇಡಿ. ಬಂದ ತಿಂಗಳಲ್ಲಿ ಅವರ ಹತ್ತಿರ ಅಷ್ಟು ದುಡ್ಡಿರುವುದಿಲ್ಲ, ಊರಲ್ಲಿ ಸಾಲ ಮಾಡುತ್ತಾರೆ, ನಿಮಗೆ ಹೇಳುವುದೂ ಇಲ್ಲ.

ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮಾಲೀಕರು ಸಹಿ ಮಾಡಿದ ಒಂದು ಪತ್ರ ಬೇಕು. ಕೆಲವು ತಾತ್ಕಾಲಿಕ ಮನೆಗಳವರು ಈ ಪತ್ರ ಕೊಡುವುದಿಲ್ಲ. ಅದು ಇಲ್ಲದಿದ್ದರೆ ತೆರಿಗೆ ನಂಬರ್ ತಡ, ಬ್ಯಾಂಕ್ ಖಾತೆ ತಡ, ಎಲ್ಲ ತಡ. ಬುಕ್ ಮಾಡುವ ಮೊದಲೇ ಕೇಳಿ.

ಇನ್ನೊಂದು, ಇದು ಸ್ಟುಟ್‌ಗಾರ್ಟ್ ಕಡೆಯದೇ. ಕೆಹ್ರ್‌ವೋಖೆ ಅಂತ ಇದೆ, ಗುಡಿಸುವ ವಾರ. ಒಂದು ದಿನ ಬಾಗಿಲ ಹಿಡಿಕೆಗೆ ಯಾರೋ ಒಂದು ಹಲಗೆ ನೇತುಹಾಕಿ ಹೋಗಿರುತ್ತಾರೆ. ಆ ವಾರ ಮೆಟ್ಟಿಲು, ಮುಂದಿನ ದಾರಿ ಗುಡಿಸಿ ಒರೆಸುವುದು ನಿಮ್ಮ ಪಾಳಿ. ಚಳಿಗಾಲದಲ್ಲಿ ಹಿಮ ಎತ್ತುವುದೂ ಇದೆ. ವಾರ ಮುಗಿದ ಮೇಲೆ ಹಲಗೆಯನ್ನು ಪಕ್ಕದ ಮನೆಗೆ ಹಾಕಬೇಕು. ನಮ್ಮ ಕಟ್ಟಡಕ್ಕೆ ಬಂದ ಒಂದು ಕನ್ನಡ ಕುಟುಂಬ ಅದನ್ನು ಯಾವುದೋ ಜಾಹೀರಾತು ಅಂದುಕೊಂಡು ಕಸಕ್ಕೆ ಎಸೆದಿತ್ತು. ಆಮೇಲೆ ಕೆಳಗಿನ ಮನೆಯ ಅಜ್ಜಿ ಅವರ ಜೊತೆ ಮಾತು ಬಿಟ್ಟರು, ಸರಿಹೋಗಲು ಆರು ತಿಂಗಳು ಬೇಕಾಯಿತು. ಭಾನುವಾರ ಮಿಕ್ಸಿ ಹಾಕಿದರೂ ದೂರು ಬರುತ್ತದೆ, ಶನಿವಾರವೇ ರುಬ್ಬಿಟ್ಟುಕೊಳ್ಳಿ ಅಂತ ಹೇಳಿ ಕಳಿಸಿ. ಕಂಪನಿಗಳು ದುಡ್ಡು ಕೊಟ್ಟು ಮಾಡಿಸುವ "ಸಾಂಸ್ಕೃತಿಕ ತರಬೇತಿ"ಯಲ್ಲಿ ಇಂಥದ್ದು ಒಂದೂ ಇರುವುದಿಲ್ಲ. ಕೈ ಕುಲುಕುವುದು ಹೇಗೆ, ಸಮಯಕ್ಕೆ ಬರುವುದು ಹೇಗೆ ಅಂತ ಪಿಪಿಟಿ ತೋರಿಸುತ್ತಾರೆ.

ಕುಡ್ಲದ_ಹುಡುಗ
ತೆರಿಗೆ ಬಗ್ಗೆ ಒಂದು. ವಿಳಾಸ ನೋಂದಣಿ ಫಾರಂನಲ್ಲಿ ಧರ್ಮ ಯಾವುದು ಅಂತ ಒಂದು ಕಾಲಂ ಇರುತ್ತದೆ. ನಾವು ಮಂಗಳೂರಿನ ಕ್ಯಾಥೊಲಿಕ್. ಹಾಗೇ ಬರೆದರೆ ಚರ್ಚ್ ತೆರಿಗೆ ಶುರು. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಮತ್ತು ಬವೇರಿಯಾದಲ್ಲಿ ಆದಾಯ ತೆರಿಗೆಯ ಮೇಲೆ 8%, ಬೇರೆ ರಾಜ್ಯಗಳಲ್ಲಿ 9%. ಕೊಡುವುದು ಬಿಡುವುದು ಅವರವರ ಇಷ್ಟ, ನನ್ನ ಅಭ್ಯಂತರ ಅದಲ್ಲ. ಮೊದಲ ಪೇಸ್ಲಿಪ್ ನೋಡಿ ಗಾಬರಿಯಾಗುವ ಬದಲು ಎಚ್‌ಆರ್‌ನವರು ಮೊದಲೇ ಹೇಳಬಹುದಿತ್ತು, ಅಲ್ವಾ? ನಮ್ಮ ಆಗಿನ ಎಚ್‌ಆರ್‌ಗೆ ಕೇಳಿದರೆ "ಅದು ನಿಮ್ಮ ಪರ್ಸನಲ್" ಅಂದರು.

ಪೇರೋಲ್_ಭಟ್ರು
@ಕುಡ್ಲದ_ಹುಡುಗ ಅದಕ್ಕೇ ತೆರಿಗೆ ಕಳೆದು ಕೈಗೆ ಇಷ್ಟು ಬರುತ್ತದೆ ಅನ್ನುವ ನೆಟ್ ಗ್ಯಾರಂಟಿ ಬರೆಯುವಾಗ ಇದನ್ನೂ ಸ್ಪಷ್ಟ ಮಾಡಬೇಕು. ದೊಡ್ಡ ಕಂಪನಿಗಳು ಟ್ಯಾಕ್ಸ್ ಈಕ್ವಲೈಸೇಶನ್ ಅಂತ ಮಾಡುತ್ತವೆ. ಬೆಂಗಳೂರಿನಲ್ಲೇ ಇದ್ದಿದ್ದರೆ ಎಷ್ಟು ತೆರಿಗೆ ಕಟ್ಟುತ್ತಿದ್ದನೋ ಅಷ್ಟನ್ನು ಅವನಿಂದ ಹಿಡಿದುಕೊಂಡು ಜರ್ಮನಿಯ ನಿಜವಾದ ತೆರಿಗೆಯನ್ನು ಕಂಪನಿಯೇ ಕಟ್ಟುತ್ತದೆ. ಆರು ಜನಕ್ಕೂ ಇದೇ ಮಾಡಿ, ಬೇರೆ ದಾರಿ ನೋಡಬೇಡಿ. ಯಾಕೆಂದರೆ ಹೆಂಡತಿ ಜೊತೆ ಬಂದವನಿಗೆ ಅಲ್ಲಿ ತೆರಿಗೆ ವರ್ಗ ಮೂರು ಸಿಗಬಹುದು, ಒಬ್ಬನೇ ಬಂದವನಿಗೆ ವರ್ಗ ಒಂದು. ಒಂದೇ ಸಂಬಳ, ಕೈಗೆ ಬರುವುದು ಬೇರೆ ಬೇರೆ. ಕ್ಯಾಂಟೀನ್‌ನಲ್ಲಿ ಪೇಸ್ಲಿಪ್ ಹೋಲಿಸಿಕೊಂಡ ದಿನ ನಿಮಗೆ ಫೋನ್ ಬರುತ್ತದೆ.

ಹೊರಡುವ ದಿನಾಂಕವನ್ನೂ ನೋಡಿ ಇಡಿ. ಒಂದು ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿ ಇದ್ದರೆ ಆ ವರ್ಷ ಭಾರತದ ನಿವಾಸಿ, ಜರ್ಮನಿಯಲ್ಲಿ ದುಡಿದದ್ದೂ ಇಲ್ಲಿ ತೋರಿಸಬೇಕು. ಸೆಪ್ಟೆಂಬರ್ ಕೊನೆಯ ವಾರಕ್ಕಿಂತ ಮೊದಲು ಹೊರಟವನ ಲೆಕ್ಕ ಬೇರೆ, ದಸರಾ ಮುಗಿಸಿ ಹೋಗುತ್ತೇನೆ ಅಂದವನ ಲೆಕ್ಕ ಬೇರೆ. ದಸರಾ ಬೇಡ ಅಂತ ಹೇಳುತ್ತಿಲ್ಲ, ಫೈನಾನ್ಸ್‌ಗೆ ಮೊದಲೇ ಗೊತ್ತಿರಲಿ.

ಸುಮ್ನೆ_ಓದ್ತಿದ್ದೆ
ಇಷ್ಟೆಲ್ಲ ತಲೆನೋವು ಯಾಕೆ? ಅಲ್ಲೇ ಎರಡು ಜನ ಜರ್ಮನ್ನರನ್ನು ಇಟ್ಟುಕೊಂಡು ವಿಡಿಯೊ ಕಾಲ್‌ನಲ್ಲಿ ಕಲಿಸಿಕೊಳ್ಳಿ. ವಿದೇಶಕ್ಕೆ ಕಳಿಸಿದವರಲ್ಲಿ ನೂರಕ್ಕೆ 40 ಜನ ಅರ್ಧದಲ್ಲೇ ವಾಪಸ್ ಬರುತ್ತಾರಂತೆ, ಎಂಬಿಎಯಲ್ಲಿ ಓದಿದ್ದು ನೆನಪು.

ಪಾಠದ_ಮೇಷ್ಟ್ರು
ಆ 40ರ ಕಥೆ ಹೇಳಲೇಬೇಕು, ನಾನೂ ಕೆಲವು ವರ್ಷ ಅದನ್ನೇ ಪಾಠ ಮಾಡುವವರ ನಡುವೆ ಇದ್ದವನು. 1995ರಲ್ಲಿ ಆನ್-ವಿಲ್ ಹಾರ್ಜಿಂಗ್ ಅನ್ನುವ ಸಂಶೋಧಕಿ ಈ ಅಂಕಿ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರು. ಒಬ್ಬರು ಇನ್ನೊಬ್ಬರನ್ನು ಉಲ್ಲೇಖಿಸಿದ್ದಾರೆ, ಅವರು ಮತ್ತೊಬ್ಬರನ್ನು. ಹಿಂದಕ್ಕೆ ಹೋಗುತ್ತಾ ಹೋದರೆ ತಳದಲ್ಲಿ ಅಂಥ ಗಟ್ಟಿ ಸಮೀಕ್ಷೆಯೇ ಇಲ್ಲ. ತಪ್ಪಾಗಿ ಉಲ್ಲೇಖಿಸಿದ್ದೇ ಬಾಯಿಂದ ಬಾಯಿಗೆ ಸತ್ಯವಾಗಿಬಿಟ್ಟಿತ್ತು. ಇವತ್ತಿಗೂ ರಿಲೊಕೇಶನ್ ಕಂಪನಿಗಳ ಬ್ರೋಶರ್‌ನಲ್ಲಿ ಅದೇ ಅಂಕಿ. ಹೆದರಿಸಿದರೆ ತಾನೇ ಪ್ಯಾಕೇಜ್ ಮಾರಾಟ ಆಗುವುದು.

ಅದಕ್ಕಿಂತ ಉಪಯೋಗಕ್ಕೆ ಬರುವುದು ರೊಸಾಲಿ ಟಂಗ್ ಮಾಡಿದ ಕೆಲಸ, 1980ರ ದಶಕದ ಶುರುವಿನದು. ಅಮೆರಿಕದ ಕಂಪನಿಗಳಲ್ಲಿ ಹೋದವರು ಸೋಲಲು ಮೊದಲ ಕಾರಣ ಹೆಂಡತಿ ಅಥವಾ ಗಂಡ ಹೊಂದಿಕೊಳ್ಳದೇ ಇರುವುದು. ಜಪಾನಿನ ಕಂಪನಿಗಳಲ್ಲಿ ಮೊದಲ ಕಾರಣ ಅದಲ್ಲ, ಅಲ್ಲಿ ಹೋದ ಮೇಲೆ ಹೆಗಲಿಗೆ ಬಿದ್ದ ದೊಡ್ಡ ಜವಾಬ್ದಾರಿ ತೂಗಿಸಲಾಗದೇ ಇರುವುದು. ನಮ್ಮವರ ಮಟ್ಟಿಗೆ ಎರಡೂ ನಿಜ ಅನ್ನಿಸುತ್ತದೆ. ಕೆಲಸ ಬರುತ್ತದಾ ಅಂತ ಹತ್ತು ಸಲ ಪರೀಕ್ಷೆ ಮಾಡುತ್ತೇವೆ, ಮನೆಯವರನ್ನು ಒಂದು ಸಲವೂ ಮಾತಾಡಿಸುವುದಿಲ್ಲ.

ನೆಕ್ಕರ್_ದಂಡೆ
ಮೇಷ್ಟ್ರೇ, "ಹೆಂಡತಿ ಹೊಂದಿಕೊಳ್ಳಲಿಲ್ಲ" ಅಂತ ಬರೆಯುವುದು ಸುಲಭ. ಅವಳೂ ಬೆಂಗಳೂರಲ್ಲಿ ಕೆಲಸ ಬಿಟ್ಟು ಬಂದಿರುತ್ತಾಳೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಒಬ್ಬಳೇ. ನವೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲು. ಮಗುವಿಗೆ ಜ್ವರ ಬಂದರೆ ಫೋನ್ ಎತ್ತುವವರು ಜರ್ಮನ್‌ನಲ್ಲಿ ಮಾತಾಡುತ್ತಾರೆ. ಹೊಂದಿಕೊಳ್ಳಲು ಕಂಪನಿ ಏನು ಕೊಟ್ಟಿತು ಅಂತ ಯಾರೂ ಬರೆಯುವುದಿಲ್ಲ.

ಐಸಿಟಿ ಕಾರ್ಡಿನವರ ಗಂಡ ಅಥವಾ ಹೆಂಡತಿ ಇಲ್ಲಿ ಕೆಲಸ ಮಾಡಬಹುದು. ಇದನ್ನು ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಜಪಾನ್‌ಗೆ ಹೋದರೆ ಡಿಪೆಂಡೆಂಟ್ ವೀಸಾದಲ್ಲಿ ಅನುಮತಿ ತೆಗೆದುಕೊಂಡು ವಾರಕ್ಕೆ 28 ಗಂಟೆ ಮಾತ್ರ. ಇಲ್ಲಿ ಅಂಥ ಮಿತಿ ಇಲ್ಲ. ವೀಸಾಕ್ಕೆ ಜರ್ಮನ್ ಭಾಷೆಯ ಮೊದಲ ಹಂತದ ಎ1 ಪರೀಕ್ಷೆ ಅವರಿಗೆ ಕಡ್ಡಾಯ ಅಲ್ಲ, ಆದರೂ ಕಲಿಯದೆ ಬರಬೇಡಿ ಅಂತಲೇ ನಾನು ಹೇಳುವುದು. ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದ ಫೀಸು ಗಂಡ-ಹೆಂಡತಿ ಇಬ್ಬರಿಗೂ ಕಂಪನಿ ಕಟ್ಟಲಿ. ಕ್ಲಬ್ ಮೆಂಬರ್‌ಶಿಪ್ ಕಾಲಂ ಅಳಿಸಿ ಅಲ್ಲಿ ಇದನ್ನು ಬರೆಯಿರಿ.

ಪೀಣ್ಯ_ಎಚ್‌ಆರ್
ಮೇಡಂ, ಇದು ನನಗೂ ಗೊತ್ತಿರಲಿಲ್ಲ. ನಾಳೆಯೇ ಮೂವರು ಮನೆಯವರ ಜೊತೆ ಮಾತಾಡುತ್ತೇನೆ. ಒಬ್ಬರ ಹೆಂಡತಿ ಸಿವಿಲ್ ಎಂಜಿನಿಯರ್.

@ಸುಮ್ನೆ_ಓದ್ತಿದ್ದೆ, ವಿಡಿಯೊ ಕಾಲ್ ಮಾಡಿ ನೋಡಿಯಾಯಿತು. ಆ ಲೈನ್‌ನ ಡ್ರಾಯಿಂಗ್ ಎಲ್ಲ ಇದೆ. ಆದರೆ ಗ್ರೈಂಡಿಂಗ್‌ನಲ್ಲಿ ಶಬ್ದ ಕೇಳಿಯೇ ವೀಲ್ ಡ್ರೆಸ್ಸಿಂಗ್‌ಗೆ ಬಂತು, ಅಂದರೆ ಉಜ್ಜುವ ಚಕ್ರವನ್ನು ಮತ್ತೆ ಹದ ಮಾಡಬೇಕು ಅಂತ ಹೇಳುವ ಇಬ್ಬರು ಹಿರಿಯರಿದ್ದಾರೆ ಅಲ್ಲಿ. ಇನ್ನು ಮೂರು ವರ್ಷಕ್ಕೆ ಇಬ್ಬರೂ ರಿಟೈರ್. ಅದು ಪಕ್ಕದಲ್ಲಿ ನಿಂತು ಕಲಿಯುವ ಕೆಲಸ.

ಈಗ ನನ್ನ ದೊಡ್ಡ ತಲೆನೋವು ಬೇರೆ. ಎಂಡಿ ಹತ್ತು ಲಕ್ಷದ ಬಾಂಡ್ ಬರೆಸಿಕೊಳ್ಳಿ ಅಂತಿದ್ದಾರೆ. ವಾಪಸ್ ಬಂದು ಎರಡು ವರ್ಷ ಬಿಡುವ ಹಾಗಿಲ್ಲ ಅಂತ.

ವಾಪಸ್_ಬಂದವ
ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯುತ್ತೇನೆ. ಸಾರ್, ನಿಮ್ಮ ಇಡೀ ಥ್ರೆಡ್‌ನಲ್ಲಿ ಹೋಗುವುದು ಹೇಗೆ ಅಂತ ಇದೆ. ವಾಪಸ್ ಬಂದ ಸೋಮವಾರ ಆ ಹುಡುಗ ಎಲ್ಲಿ ಕೂರುತ್ತಾನೆ ಅಂತ ಒಂದು ಸಾಲೂ ಇಲ್ಲ. ನಿಮ್ಮದು ಕಲಿತು ತರುವ ಕೆಲಸ. ಅವರು ಬಂದು ಆರು ತಿಂಗಳಲ್ಲಿ ಬಿಟ್ಟು ಹೋದರೆ ಬಾಡಿಗೆ, ಟಿಕೆಟ್, ತೆರಿಗೆ ಎಲ್ಲ ನೀರಿಗೆ ಹೋದ ಹಾಗೆ.

ನನ್ನ ಕಥೆ ಕೇಳಿ. ನಾನೂ ಜರ್ಮನಿಗೇ ಹೋಗಿದ್ದು, ಬೇರೆ ಊರು. ಅಲ್ಲಿ ಒಂದು ಸೆಲ್, ಅಂದರೆ ಒಂದು ಕೆಲಸದ ಮೆಷಿನ್‌ಗಳ ಗುಂಪು, ಪೂರ್ತಿ ನನ್ನ ಕೈಯಲ್ಲಿತ್ತು. ಬಜೆಟ್ ನಾನೇ ಮಾತಾಡುತ್ತಿದ್ದೆ, ಸಪ್ಲೈಯರ್ ಹತ್ತಿರ ನಾನೇ ಹೋಗುತ್ತಿದ್ದೆ. ವಾಪಸ್ ಬಂದಾಗ ನನ್ನನ್ನು ಕಳಿಸಿದ ಬಾಸ್ ಬೇರೆ ಪ್ಲಾಂಟ್‌ಗೆ ಹೋಗಿದ್ದರು. ಹೊಸಬರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ. ನನ್ನ ಜೂನಿಯರ್ ಒಬ್ಬ ಪ್ರಮೋಶನ್ ಆಗಿ ನನಗಿಂತ ಮೇಲೆ ಕೂತಿದ್ದ, ಅವನ ತಪ್ಪೇನೂ ಇಲ್ಲ. ಎರಡು ವರ್ಷ ನನ್ನ ಅಪ್ರೈಸಲ್ ಯಾರೂ ಬರೆದಿರಲಿಲ್ಲ. ಜರ್ಮನಿಯವರು ಬೆಂಗಳೂರಿನವರು ಬರೆಯುತ್ತಾರೆ ಅಂದುಕೊಂಡಿದ್ದರು, ಬೆಂಗಳೂರಿನವರು ಜರ್ಮನಿಯವರು ಬರೆಯುತ್ತಾರೆ ಅಂದುಕೊಂಡಿದ್ದರು. ನನಗೆ ಕೊಟ್ಟ ಕೆಲಸ ಹೋಗುವ ಮೊದಲು ಮಾಡುತ್ತಿದ್ದದ್ದೇ. ಕಾಸ್ಟಿಂಗ್ ಶೀಟ್‌ಗೆ ಸಹಿ ಹಾಕಿಸಿಕೊಳ್ಳಲು ಮೂರು ಮೇಜು ಸುತ್ತುವುದು. ಒಂದು ವರ್ಷ ನೋಡಿ ಬಿಟ್ಟೆ. ಹೋದದ್ದು ಎದುರಾಳಿ ಕಂಪನಿಗೇ.

ಬಾಂಡ್ ಇತ್ತು. ಹೊಸ ಕಂಪನಿ ಕಟ್ಟಿತು, ಮುಗೀತು. ಬಿಡಬೇಕು ಅಂತ ತೀರ್ಮಾನ ಮಾಡಿದವನನ್ನು ಬಾಂಡ್ ಹಿಡಿಯುವುದಿಲ್ಲ. ಹೆಚ್ಚೆಂದರೆ ಮೂರು ತಿಂಗಳು ತಡ ಆಗುತ್ತದೆ, ಆ ಮೂರು ತಿಂಗಳೂ ಅವನು ಯಾರಿಗೂ ಏನೂ ಕಲಿಸುವುದಿಲ್ಲ.

ಪೇರೋಲ್_ಭಟ್ರು
ಕಾನೂನಿನ ಮಾತು ಹೇಳುವುದಾದರೆ ಬಾಂಡ್ ಪೂರ್ತಿ ಕೈಬಿಡಬೇಕು ಅಂತೇನಿಲ್ಲ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಅನ್ನುವ ಷರತ್ತು ಇತ್ತು. ನಮ್ಮ ಹೈಕೋರ್ಟ್ ಅದು ಸಲ್ಲದು ಅಂದಿತ್ತು, ಸುಪ್ರೀಂ ಕೋರ್ಟ್ ಸಲ್ಲುತ್ತದೆ ಅಂದಿತು. ಆದರೆ ಅಲ್ಲಿ ಅದು ಸಾರ್ವಜನಿಕ ಬ್ಯಾಂಕು, ನೇಮಕಾತಿಯ ಖರ್ಚು, ಹುದ್ದೆಯ ಸಂಬಳ ಎಲ್ಲ ನೋಡಿ ಎರಡು ಲಕ್ಷ ಅತಿ ಅಲ್ಲ ಅಂದದ್ದು. ನಿಮ್ಮ ಎಂಡಿ ಹತ್ತು ಲಕ್ಷ ಅಂತ ಬಾಯಿಗೆ ಬಂದ ಅಂಕಿ ಬರೆದರೆ ಅದು ನಿಲ್ಲುವುದಿಲ್ಲ. ನಿಜವಾದ ಖರ್ಚು ತೋರಿಸಿ, ತಿಂಗಳು ಕಳೆದ ಹಾಗೆ ಕಡಿಮೆಯಾಗುವ ಹಾಗೆ ಬರೆಯಿರಿ.

ಆದರೂ @ವಾಪಸ್_ಬಂದವ ಹೇಳಿದ್ದೇ ಸರಿ. ಬಾಂಡ್ ದುಡ್ಡು ವಸೂಲಿಗೆ. ಜನ ಉಳಿಯುವುದಕ್ಕೆ ಅಲ್ಲ.

ಪೀಣ್ಯ_ಎಚ್‌ಆರ್
ಹಾಗಾದರೆ ವಾಪಸ್ ಬರುವ ಭಾಗ ಹೇಗೆ ಬರೆಯಲಿ? ಎರಡು ವರ್ಷದ ನಂತರ ಯಾವ ಹುದ್ದೆ ಇರುತ್ತದೆ ಅಂತ ಈಗಲೇ ಮಾತು ಕೊಡಲು ಎಂಡಿ ಒಪ್ಪುವುದಿಲ್ಲ.

ವಾಪಸ್_ಬಂದವ
ಹುದ್ದೆಯ ಹೆಸರು ಬೇಡ. ಗ್ರೇಡ್ ಬರೆಯಿರಿ, ಮತ್ತೆ ಆ ಲೈನ್‌ನಲ್ಲಿ ಅವನ ಪಾಲು ಯಾವುದು ಅಂತ ಬರೆಯಿರಿ. ಗ್ರೈಂಡಿಂಗ್ ಕಲಿಯಲು ಹೋದವನು ಪೀಣ್ಯದಲ್ಲಿ ಗ್ರೈಂಡಿಂಗ್ ಸೆಲ್ ನಿಲ್ಲಿಸುತ್ತಾನೆ, ಅವನ ಕೆಳಗೆ ಇಷ್ಟು ಜನ. ಲೈನ್ ಬರುವುದೇ ಗ್ಯಾರಂಟಿ ಇದ್ದರೆ ಇದಕ್ಕೆ ಒಪ್ಪದೇ ಇರಲು ಏನಿದೆ? ಒಪ್ಪದಿದ್ದರೆ ಲೈನ್ ಬರುವ ಬಗ್ಗೆಯೇ ಅವರಿಗೆ ಅನುಮಾನ ಇದೆ ಅಂತ ಅರ್ಥ, ಅದನ್ನು ಹೋಗುವವರಿಗೆ ಈಗಲೇ ಹೇಳಿಬಿಡಿ.

ಇಲ್ಲಿ ಒಬ್ಬರು ಅವನ ಹೊಣೆ ಹೊರಬೇಕು. ಎಚ್‌ಆರ್ ಅಲ್ಲ, ಪ್ರೊಡಕ್ಷನ್ ಕಡೆಯ ಹಿರಿಯರು. ತಿಂಗಳಿಗೊಮ್ಮೆ ಫೋನ್, ವರ್ಷಕ್ಕೊಮ್ಮೆ ಅಪ್ರೈಸಲ್ ಅವರೇ ಬರೆಯಬೇಕು, ಜರ್ಮನಿಯವರ ಅಭಿಪ್ರಾಯ ಕೇಳಿ. ಅವರು ಕಂಪನಿ ಬಿಟ್ಟರೆ ಇನ್ನೊಬ್ಬರ ಹೆಸರು ಅದೇ ವಾರ ಬರೆಯಬೇಕು. ಇಲ್ಲಿ ಇನ್‌ಕ್ರಿಮೆಂಟ್ ಆದಾಗ ಅವನಿಗೂ ಆಗಬೇಕು, ಕಾಗದದಲ್ಲಾದರೂ. ಇಲ್ಲದಿದ್ದರೆ ವಾಪಸ್ ಬಂದಾಗ ಎರಡು ವರ್ಷ ಹಿಂದಿನ ಬೇಸಿಕ್‌ಗೆ ಬಂದು ನಿಲ್ಲುತ್ತಾನೆ.

ಹಾಸನದ_ಸೊಸೆ
ನಮ್ಮ ಯಜಮಾನರು ಹೀಗೇ ಹೋಗಿದ್ದಾಗ ಅವರ ತಂದೆ ತೀರಿಕೊಂಡರು. ಪಾಲಿಸಿಯಲ್ಲಿ ಮೂರು ದಿನ ರಜೆ. ಬರಲು ಒಂದು ದಿನ, ಹೋಗಲು ಒಂದು ದಿನ. ಹದಿಮೂರು ದಿನದ ಕಾರ್ಯಕ್ಕೆ ಯಾವ ಲೆಕ್ಕ? ರಜೆ ಇಲ್ಲ, ಸಂಬಳ ಹಿಡಿಯುತ್ತೇವೆ ಅಂದರು. ಟಿಕೆಟ್ ಅವರೇ ಹಾಕಿಕೊಂಡರು, ಆ ದಿನದ ರೇಟಿನಲ್ಲಿ. ದಯವಿಟ್ಟು ಇದನ್ನು ಬರೆಯಿರಿ ಸರ್. ಅಪ್ಪ, ಅಮ್ಮ, ಅತ್ತೆ, ಮಾವ, ನಾಲ್ವರಿಗೂ ಸೇರಿಸಿ. ನಮ್ಮವರು ಹೋಗುವ ವಯಸ್ಸಿನಲ್ಲೇ ಊರಲ್ಲಿ ಹಿರಿಯರಿಗೆ ವಯಸ್ಸಾಗಿರುತ್ತದೆ.

ಪೀಣ್ಯ_ಎಚ್‌ಆರ್
ಬರೆದುಕೊಂಡೆ ಅಕ್ಕ. ಟಿಕೆಟ್ ಕಂಪನಿಯದು, ರಜೆ ಹದಿನೈದು ದಿನ ಅಂತ ಹಾಕುತ್ತೇನೆ. ಎಂಡಿ ಇದಕ್ಕೆ ಇಲ್ಲ ಅನ್ನುವುದಿಲ್ಲ.

ಮಕ್ಕಳ ಶಾಲೆ ವಿಷಯ ಯಾರಿಗಾದರೂ ಗೊತ್ತಾ? ಒಬ್ಬರ ಮಗಳು ಈಗ ಎಂಟನೇ ತರಗತಿ.

ಪಾಠದ_ಮೇಷ್ಟ್ರು
ಎಂಟನೇ ತರಗತಿ ಅಂದರೆ ತುಂಬಾ ಯೋಚಿಸಬೇಕು. ಸಿಬಿಎಸ್‌ಇಯಲ್ಲಿ ಒಂಬತ್ತರಲ್ಲಿ ಬೋರ್ಡ್ ನೋಂದಣಿ ಆಗುತ್ತದೆ, ಹತ್ತಕ್ಕೆ ನೇರ ಸೇರಿಸಿಕೊಳ್ಳುವುದು ಕಷ್ಟ. ಎರಡು ವರ್ಷ ಅಲ್ಲಿ ಕಳೆದು ಹತ್ತಕ್ಕೆ ಬಂದು ನಿಂತರೆ ಶಾಲೆ ಶಾಲೆ ಅಲೆಯಬೇಕು. ಜೊತೆಗೆ ಕೆಸಿಇಟಿ ಇದೆ. ರಾಜ್ಯದ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟಿಗೆ ಸಾಮಾನ್ಯವಾಗಿ ಎಲ್ಲರೂ ಹಾಕುವ ಕಲಂ ಒಂದರಿಂದ ಹನ್ನೆರಡರ ಒಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಅನ್ನುವುದು. ಎರಡು ವರ್ಷ ಕಳೆದರೂ ಹೆಚ್ಚಿನವರಿಗೆ ಏಳು ತುಂಬುತ್ತದೆ. ಆದರೆ ಎರಡು ಅಂತ ಹೋದದ್ದು ಐದಾದರೆ ತೊಂದರೆ. ತಂದೆ-ತಾಯಿಯ ಓದಿನ ಆಧಾರದ ಮೇಲೆ ಬೇರೆ ಕಲಂಗಳೂ ಇವೆ, ಓದಿ ನೋಡಲಿ. ಪ್ರತಿ ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಇಲ್ಲಿಯ ಶಾಲೆಯಿಂದ ಈಗಲೇ ತೆಗೆಸಿಟ್ಟುಕೊಳ್ಳಲಿ. ಆಮೇಲೆ ಬಿಇಒ ಸಹಿಗೆ ಓಡಾಡುವುದು ಬೇಡ.

ನನ್ನನ್ನು ಕೇಳಿದರೆ ಆ ಒಬ್ಬರನ್ನು ಬೇರೆ ಬ್ಯಾಚ್‌ನಲ್ಲಿ ಕಳಿಸಿ, ಅಥವಾ ಒಂದು ವರ್ಷಕ್ಕೆ ಮಾತ್ರ.

ಬಿಡದಿ_ಲೈನ್
ಎಲ್ಲರೂ ಹೋಗುವವರ ಬಗ್ಗೆಯೇ ಮಾತಾಡುತ್ತಿದ್ದೀರಿ, ಬರುವ ಇಬ್ಬರನ್ನು ಮರೆತೇಬಿಟ್ಟಿರಿ. ಬಿಡದಿಯಲ್ಲಿ ಟೊಯೊಟಾ ಕಾರು ಮಾಡಲು ಶುರು ಮಾಡಿದ್ದು 1999ರಲ್ಲಿ. ಅದರ ಸುತ್ತ ಬಿಡಿಭಾಗ ಮಾಡುವವರೂ ಬಂದರು. ನಾನು ಇರುವುದು ಅಂಥದ್ದೊಂದರಲ್ಲಿ. ಜಪಾನಿನ ಸಲಹೆಗಾರರು ಬರುತ್ತಾರೆ, ಕೆಲವು ವರ್ಷ ಇರುತ್ತಾರೆ, ಹೋಗುತ್ತಾರೆ. ಯಾರ ಹತ್ತಿರ ಏನು ಕೇಳಬೇಕು ಅಂತ ಅವರಿಗೆ ಗೊತ್ತಾಗುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ಹೊಸಬರು ಬಂದು ಮೊದಲಿಂದ ಶುರು. ನಾವು ಹೋಗುವವರು ಮತ್ತು ಬರುವವರು ಎರಡು ತಿಂಗಳು ಒಟ್ಟಿಗೆ ಇರಬೇಕು ಅಂತ ಹಠ ಹಿಡಿದ ಮೇಲೆ ಪರವಾಗಿಲ್ಲ.

ಇನ್ನೊಂದು ನಾನು ಕಂಡದ್ದು. ವಾರದ ರಿವ್ಯೂನಲ್ಲಿ ನಮ್ಮವರು ತಡ ಆಗುತ್ತದೆ ಅಂತ ಬಾಯಿ ಬಿಡುವುದಿಲ್ಲ, ದೊಡ್ಡವರ ಮುಂದೆ ಹೇಗೆ ಹೇಳುವುದು ಅಂತ. ಬುಧವಾರ ಎಲ್ಲ ಹಸಿರು, ಶುಕ್ರವಾರ ಸಂಜೆ ಕೆಂಪು. ಬಂದವರು ಸಿಡಿಮಿಡಿ. ನಮ್ಮಲ್ಲಿದ್ದ ಒಬ್ಬ ಜಪಾನಿ ಹಿರಿಯರು ರಿವ್ಯೂಗೆ ಕಾಯುವುದನ್ನೇ ಬಿಟ್ಟರು. ಬೆಳಿಗ್ಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಲೈನ್ ಪಕ್ಕ ಬಂದು ನಿಲ್ಲುತ್ತಿದ್ದರು, ರಿಜೆಕ್ಟ್ ಬಿನ್ ಹತ್ತಿರ. ಬಿನ್‌ನಲ್ಲಿ ಬಿದ್ದ ಪೀಸ್ ಎತ್ತಿಕೊಂಡು ಆಪರೇಟರ್‌ಗೆ ತೋರಿಸುತ್ತಿದ್ದರು, ಏನಾಯಿತು ಅಂತ ಕೈಸನ್ನೆಯಲ್ಲಿ. ಅವನು ಕೈಸನ್ನೆಯಲ್ಲೇ ಹೇಳುತ್ತಿದ್ದ. ಮೀಟಿಂಗ್‌ನಲ್ಲಿ ಬಾಯಿ ಬಿಡದವರು ಬಿನ್ ಹತ್ತಿರ ಎಲ್ಲ ಹೇಳಿದರು. ನಿಮ್ಮ ಕ್ವಾಲಿಟಿ ಜರ್ಮನ್ನರಿಗೆ ಕ್ಯಾಬಿನ್ ಕೊಡಬೇಡಿ, ಶಾಪ್ ಫ್ಲೋರ್‌ನಲ್ಲಿ ಮೇಜು ಹಾಕಿ.

ಪೇರೋಲ್_ಭಟ್ರು
ಬರುವವರ ಕಾಗದಪತ್ರ ನಾನು ಹೇಳುತ್ತೇನೆ. ಬಿಸಿನೆಸ್ ವೀಸಾದಲ್ಲಿ ಕರೆಸಿ ಕೆಲಸಕ್ಕೆ ಹಚ್ಚಬೇಡಿ. 2009ರಲ್ಲಿ ಸರ್ಕಾರ ಹಾಗೆ ಬಂದು ಪ್ರಾಜೆಕ್ಟ್ ಸೈಟ್‌ಗಳಲ್ಲಿ ದುಡಿಯುತ್ತಿದ್ದವರನ್ನು ವಾಪಸ್ ಕಳಿಸಿತ್ತು. ನಮ್ಮವರೂ ಇದಕ್ಕೆ ಹೊರತಲ್ಲ, 2013ರಲ್ಲಿ ಇನ್ಫೋಸಿಸ್ ಅಮೆರಿಕದಲ್ಲಿ ಬಿ-1 ಅನ್ನುವ ಬಿಸಿನೆಸ್ ವೀಸಾ ಬಳಕೆಯ ವಿಷಯದಲ್ಲಿ ತಪ್ಪು ಒಪ್ಪಿಕೊಳ್ಳದೆಯೇ 3.4 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಎಂಪ್ಲಾಯ್‌ಮೆಂಟ್ ವೀಸಾ ಬೇಕು. ವರ್ಷಕ್ಕೆ 16.25 ಲಕ್ಷಕ್ಕಿಂತ ಜಾಸ್ತಿ ಸಂಬಳ ಅನ್ನುವ ನಿಯಮ ಇದೆ, ಜರ್ಮನ್ನರಿಗೆ ಅದು ಸಮಸ್ಯೆ ಆಗದು. ಬಂದ 14 ದಿನದಲ್ಲಿ ವಿದೇಶಿಯರ ನೋಂದಣಿ ಕಚೇರಿ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ, ಈಗ ಆನ್‌ಲೈನ್. ಮನೆ ಮಾಲೀಕರು 24 ಗಂಟೆಯಲ್ಲಿ ವಿದೇಶಿಯರು ಬಂದಿದ್ದಾರೆ ಅಂತ ತಿಳಿಸುವ ಫಾರಂ ತುಂಬಬೇಕು, ಹಿಂದೆ ಸಿ ಫಾರಂ ಅಂತಿದ್ದದ್ದು. ಮಲ್ಲೇಶ್ವರದ ಮಾಲೀಕರಿಗೆ ಇದು ಗೊತ್ತಿರುವುದಿಲ್ಲ, ನೀವೇ ಕೂತು ತುಂಬಿಸಿ.

ಅವರು ಜರ್ಮನಿಯಿಂದ ಕವರೇಜ್ ಸರ್ಟಿಫಿಕೇಟ್ ತಂದರೆ ಇಲ್ಲಿ ಪಿಎಫ್ ಬೇಡ, ಒಪ್ಪಂದ ಎರಡೂ ಕಡೆಗೆ ಅನ್ವಯ. ತರದೆ ಬಂದರೆ ಇಂಟರ್‌ನ್ಯಾಷನಲ್ ವರ್ಕರ್ ನಿಯಮ, ಅಂದರೆ ನಮ್ಮವರಿಗಿರುವ ತಿಂಗಳ ಸಂಬಳ 15,000ದ ಮಿತಿ ಇಲ್ಲದೆ ಪೂರ್ತಿ ಸಂಬಳದ ಮೇಲೆ ಪಿಎಫ್. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನೇ ಅಸಾಂವಿಧಾನಿಕ ಅಂದಿದೆ, ಆದರೂ ಆ ತೀರ್ಪು ನಂಬಿಕೊಂಡು ಕೂರಬೇಡಿ. ಸರ್ಟಿಫಿಕೇಟ್ ತರಿಸುವುದು ಸುಲಭ.

ಜಿಎಸ್‌ಟಿ ಕೂಡ ಇದೆ. ಬೆಂಗಳೂರಿನದೇ ಒಂದು ಕಂಪನಿ, ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್, ಅದರ ಪ್ರಕರಣದಲ್ಲಿ 2022ರ ಮೇ 19ರಂದು ಸುಪ್ರೀಂ ಕೋರ್ಟ್ ವಿದೇಶಿ ಗುಂಪಿನ ಕಂಪನಿ ಕಳಿಸಿದ ನೌಕರರನ್ನು ಮಾನವ ಸಂಪನ್ಮೂಲ ಪೂರೈಕೆ ಸೇವೆ ಅಂತ ಕಂಡಿತು, ತೆರಿಗೆ ಕಟ್ಟಿ ಅಂದಿತು. ಆಮೇಲೆ ದೇಶದ ತುಂಬ ನೋಟಿಸ್. 2023ರ ಡಿಸೆಂಬರ್‌ನಲ್ಲಿ ತೆರಿಗೆ ಮಂಡಳಿ "ಎಲ್ಲ ಪ್ರಕರಣಕ್ಕೂ ಕಣ್ಣುಮುಚ್ಚಿ ಹಚ್ಚಬೇಡಿ" ಎಂಬರ್ಥದ ಸೂಚನೆ ಕೊಟ್ಟಿತು. 2024ರ ಜೂನ್ ಸುತ್ತೋಲೆಯಿಂದ ಪೂರ್ತಿ ಇನ್‌ಪುಟ್ ಕ್ರೆಡಿಟ್ ಸಿಗುವ, ಅಂದರೆ ಕಟ್ಟಿದ ತೆರಿಗೆಯನ್ನು ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಕಂಪನಿಗಳಿಗೆ ಸ್ವಲ್ಪ ನಿರಾಳ. ಹಾಗಾಗಿ ಸಂಬಳ ಯಾರು ಕೊಡುತ್ತಾರೆ, ಜರ್ಮನಿ ನಿಮಗೆ ಬಿಲ್ ಮಾಡುತ್ತದಾ, ರಜೆ ಮಂಜೂರು ಮಾಡುವವರು ಯಾರು, ತೆಗೆದುಹಾಕುವ ಅಧಿಕಾರ ಯಾರದು, ಇದೆಲ್ಲ ಸೆಕೆಂಡ್‌ಮೆಂಟ್ ಪತ್ರದಲ್ಲಿ, ಅಂದರೆ ಎರವಲು ಕಳಿಸುವ ಪತ್ರದಲ್ಲಿ, ಒಂದೇ ಥರ ಇರಬೇಕು. ಪತ್ರದಲ್ಲಿ ಒಂದು, ಇಮೇಲ್‌ನಲ್ಲಿ ಇನ್ನೊಂದು ಇದ್ದರೆ ಆಡಿಟ್‌ನವರು ಇಮೇಲ್ ಹಿಡಿಯುತ್ತಾರೆ.

ಪೀಣ್ಯ_ಎಚ್‌ಆರ್
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಎಂಡಿ ಹತ್ತಿರ ಕೂತಿದ್ದೆ. ಬಾಂಡ್ ಖರ್ಚಿನ ಲೆಕ್ಕಕ್ಕೆ ಇಳಿಯಿತು, 24 ತಿಂಗಳಲ್ಲಿ ಸೊನ್ನೆ ಆಗುತ್ತದೆ. ವಾಪಸ್ ಬರುವ ಭಾಗಕ್ಕೆ ಗ್ರೇಡ್ ಬರೆಯಲು ಒಪ್ಪಿದರು, ಸೆಲ್ ಹೆಸರು ಬರೆಯಲು ಒಪ್ಪಲಿಲ್ಲ. ಮ್ಯಾಕ್ಸ್ ಮುಲ್ಲರ್ ಫೀಸಿಗೆ ಸರಿ ಅಂದರು. ಕ್ವಾಲಿಟಿಯವರ ಮೇಜು ಶಾಪ್ ಫ್ಲೋರ್‌ಗೆ ಅಂದಾಗ ನಕ್ಕರು, ಆದರೆ ಬೇಡ ಅನ್ನಲಿಲ್ಲ. ಎಂಟನೇ ತರಗತಿ ಮಗಳಿರುವವರು ತಾವೇ ಎರಡನೇ ಬ್ಯಾಚ್ ಕೇಳಿದ್ದಾರೆ.

ವಾಪಸ್_ಬಂದವ
ಸೆಲ್ ಹೆಸರು ಬಿಡಬೇಡಿ ಸಾರ್. ಪಾಲಿಸಿಯಲ್ಲಿ ಬೇಡ ಅಂದರೆ ಪ್ರತಿಯೊಬ್ಬರ ವರ್ಗಾವಣೆ ಪತ್ರದಲ್ಲಿ ಹಾಕಿಸಿ. ಅದಕ್ಕೆ ಪ್ರೊಡಕ್ಷನ್ ಹೆಡ್ ಸಹಿ ಸಾಕು, ಎಂಡಿ ಬೇಕಿಲ್ಲ.